ಆಗದ ಯುದ್ಧ, ಶಿಗ್ಗಾವಿಯ ಹತ್ತಿ

‘ಟಿಪ್ಪು ಗೆದ್ದಿದ್ದರೆ’ ಎಂದು ಶುರುವಾಗಿ ಎರಡನೇ ವಾಕ್ಯಕ್ಕೇ ಕೆಂಪುಕೋಟೆಯ ಮೇಲೆ ಬಾವುಟ ಹಾರಿಸಿ ಮುಗಿಯುವ ಮೊಬೈಲ್ ವಿಡಿಯೊಗಳನ್ನು ನೋಡಿ, ತಾವು ಪರ್ಯಾಯ ಇತಿಹಾಸದ ರಸಿಕರೆಂದು ಹೇಳಿಕೊಳ್ಳುವವರು ಈಗ ಊರಿಗೊಬ್ಬರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಗೆದ್ದವರ ಹೆಸರು ಬದಲಿಸುವುದು ಈ ಕಲೆಯಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಒಂದೇ ಒಂದು ಸಂಗತಿ ಬದಲಾಗಿದೆ. ಮಳೆ, ಘಟ್ಟ, ಎತ್ತು, ಕಂದಾಯ ಎಲ್ಲ ಇದ್ದ ಹಾಗೇ ಇವೆ. ಅವು ಆ ಹೊಸ ಸಂಗತಿಯನ್ನು ಹೇಗೆ ತಡೆಯುತ್ತವೆ, ಹೇಗೆ ತಿರುಗಿಸುತ್ತವೆ? ರಸ ಇರುವುದು ಅಲ್ಲಿ.

ಅಮೆರಿಕದ ಅಂತರ್ಯುದ್ಧವನ್ನೇ ತೆಗೆದುಕೊಳ್ಳಿ. ಈ ಪ್ರಕಾರದಲ್ಲಿ ಅದರಷ್ಟು ಉಳುಮೆ ಕಂಡ ಹೊಲ ಇನ್ನೊಂದಿಲ್ಲ. ಚರ್ಚಿಲ್ 1930ರಲ್ಲೇ ಗೆಟ್ಟಿಸ್‌ಬರ್ಗ್ ಕಾಳಗವನ್ನು ದಕ್ಷಿಣದವರಿಗೆ ಗೆಲ್ಲಿಸಿಕೊಟ್ಟು ಪ್ರಬಂಧ ಬರೆದರು; 1953ರಲ್ಲಿ ವಾರ್ಡ್ ಮೂರ್ ಕಾದಂಬರಿ ಬರೆದರು. ಆಮೇಲೆ ಬಂದವರಲ್ಲಿ ಹೆಚ್ಚಿನವರು ಅದೇ ಗುಡ್ಡ ಹತ್ತಿ ಅದೇ ತೋಪು ಹಾರಿಸಿದರು. ನನ್ನನ್ನು ಹಿಡಿದು ಕೂರಿಸಿದ ಪ್ರಶ್ನೆ ಬೇರೆ: ಆ ಯುದ್ಧ ಸುಮಾರು ಮೂವತ್ತು ವರ್ಷ ಮೊದಲೇ ಆಗಿಬಿಟ್ಟಿದ್ದರೆ?

ಆಗುವುದರಲ್ಲಿಯೇ ಇತ್ತು. 1832ರ ನವೆಂಬರ್‌ನಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ, ಕೇಂದ್ರದ ಆಮದು ಸುಂಕ ತನ್ನ ನೆಲದಲ್ಲಿ ನಡೆಯದು ಎಂದು ಸಾರಿತು. ಅಧ್ಯಕ್ಷ ಜಾಕ್ಸನ್ ಸೈನ್ಯದ ಬೆದರಿಕೆ ಹಾಕಿದ. ಉಪಾಧ್ಯಕ್ಷ ಕ್ಯಾಲ್‌ಹೂನ್ ರಾಜೀನಾಮೆ ಕೊಟ್ಟು ತನ್ನ ರಾಜ್ಯದ ಬೆನ್ನಿಗೆ ನಿಂತ. 1833ರ ಮಾರ್ಚ್‌ನಲ್ಲಿ ಹೆನ್ರಿ ಕ್ಲೇ ಕುದುರಿಸಿದ ಸುಂಕದ ರಾಜಿ ಎಲ್ಲವನ್ನೂ ತಣ್ಣಗಾಗಿಸಿತು. ಆ ರಾಜಿ ಮುರಿಯಿತು ಎಂದಿಟ್ಟುಕೊಳ್ಳಿ. ಬಂದರುಗಳಿಗೆ ದಿಗ್ಬಂಧನ ಬಿತ್ತು, ಲಿವರ್‌ಪೂಲ್‌ಗೆ ಅಮೆರಿಕದ ಹತ್ತಿ ನಿಂತಿತು. ಅಷ್ಟು ಸಾಕು. ಇನ್ನು ಕೆರೊಲಿನಾ ಬಿಟ್ಟು ಧಾರವಾಡ ಸೀಮೆಯ ಶಿಗ್ಗಾವಿಗೆ ಬನ್ನಿ.

1861ರಲ್ಲಿ ನಿಜವಾಗಿ ಯುದ್ಧವಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಚಕ್ಕಡಿ ಗಾಲಿಗೆ ಬೆಳ್ಳಿ ಪಟ್ಟಿ ಹೊಡೆಸಿದರೆಂಬ ಕತೆ ಹುಟ್ಟಿದ್ದು ಆಗಲೇ. ಮೂವತ್ತು ವರ್ಷ ಮೊದಲು ಯುದ್ಧವಾಗಿದ್ದರೆ ಅದೇ ಸುಗ್ಗಿ ಮೂವತ್ತು ವರ್ಷ ಮೊದಲು ಬರುತ್ತಿತ್ತು ಎಂದು ಎಳೆಯ ರಸಿಕ ತಕ್ಷಣ ಹೇಳುತ್ತಾನೆ. ಅಲ್ಲೇ ಅವನನ್ನು ನಿಲ್ಲಿಸಬೇಕು.

ಮೊದಲು ಪಂಚಾಂಗ ತೆಗೆಯಿರಿ. 1833ರ ಮಾರ್ಚ್‌ನಲ್ಲಿ ಕಾಳಗ ಶುರುವಾಯಿತು. ಸುದ್ದಿ ಅಟ್ಲಾಂಟಿಕ್ ದಾಟಲು ಹೆಚ್ಚುಕಡಿಮೆ ಒಂದು ತಿಂಗಳು. ಅಲ್ಲಿಂದ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಮುಂಬಯಿಗೆ ನಾಲ್ಕು ತಿಂಗಳ ಮೇಲೆ. ಸುಯೆಜ್ ಕಾಲುವೆ ಇಲ್ಲ, ತಂತಿ ಇಲ್ಲ. ಸುದ್ದಿ ಮುಟ್ಟುವ ಹೊತ್ತಿಗೆ ಶ್ರಾವಣ. ಎರಿ ಹೊಲದ ಹತ್ತಿ ಬಿಡಿಸಿ, ಮಾರಿ, ಸಾಲ ತೀರಿಸಿ ಆಗಿದೆ. ಕುಮಟಾ ಬಂದರು ಮಳೆಗೆ ಮುಚ್ಚಿದೆ. ಬೆಲೆಯ ಆಸೆಗೆ ಆ ವರ್ಷ ಹೆಚ್ಚು ಬಿತ್ತಿದರೂ ಕಾಯಿ ಒಡೆಯುವುದು ಮುಂದಿನ ಫೆಬ್ರವರಿ, ಮಾರ್ಚ್‌ಗೆ. ಆಮೇಲೆ ಘಟ್ಟ. ಚಕ್ಕಡಿ ಇಳಿಯುವಂಥ ದಾರಿ ಆಗ ಎಲ್ಲಿತ್ತು? ಲಂಬಾಣಿಗಳ ಹೇರೆತ್ತಿನ ಬೆನ್ನ ಮೇಲೆ ಶಿರಸಿ ದಾಟಿ ಕುಮಟಾಕ್ಕೆ ಇಳಿಯಬೇಕು. ಅಲ್ಲಿಂದ ಮುಂಬಯಿ, ಮತ್ತೆ ಆಫ್ರಿಕಾ ಸುತ್ತು. ಈ ಹತ್ತಿ ಲಿವರ್‌ಪೂಲ್ ನೋಡುವಾಗ 1834 ಮುಗಿಯುತ್ತಾ ಬಂದಿರುತ್ತದೆ. ಒಂದೂವರೆ ವರ್ಷ ಲ್ಯಾಂಕಷೈರ್‌ನ ಗಿರಣಿಗಳು ಕಾಯುತ್ತವೆಯೇ? ಕೆರೊಲಿನಾ ಒಂಟಿಯಾಗಿ ಅಷ್ಟು ದಿನ ನಿಲ್ಲುತ್ತದೆಯೇ? ನನಗಂತೂ ನಂಬಿಕೆಯಿಲ್ಲ, ನೆರೆಯ ರಾಜ್ಯಗಳೂ ಕೈಜೋಡಿಸಿದರೆ ಮಾತು ಬೇರೆ.

ಇನ್ನು ಬೀಜ. ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಮುಂಬಯಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಿತ್ತು. ಲ್ಯಾಂಕಷೈರ್‌ನ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಒಗ್ಗಿದ್ದವು. ನ್ಯೂ ಆರ್ಲಿಯನ್ಸ್‌ನ ಬೀಜ ಧಾರವಾಡ ಸೀಮೆಯಲ್ಲಿ ಬೇರೂರಿ ‘ಧಾರವಾಡ ಅಮೆರಿಕನ್’ ಎನಿಸಿಕೊಂಡದ್ದು 1840ರ ದಶಕದಿಂದ ಈಚೆಗೆ. ಅಂದರೆ 1861ರ ಸುಗ್ಗಿಗೆ ಬೇಕಾದ ಬೀಜವನ್ನು ಅದಕ್ಕೂ ಮೊದಲಿನ ಶಾಂತಿಯ ಕಾಲ ತಂದುಕೊಟ್ಟಿತ್ತು. ಯುದ್ಧ ಹಿಂದಕ್ಕೆ ಸರಿದರೆ ಬೀಜವೇ ಇಲ್ಲ.

ಈ ಕಣ್ಣು ನನಗೆ ಸಿಕ್ಕಿದ್ದು ಪುಸ್ತಕದಿಂದ ಅಲ್ಲ. ಧಾರವಾಡದಲ್ಲಿ ಓದುತ್ತಿದ್ದ ಕಾಲ. ರಜೆಗೆ ಬಂದಾಗ ಶಿಗ್ಗಾವಿಯ ಕಟ್ಟೆಯೊಂದರ ಮೇಲೆ ನಾವು ಹುಡುಗರು ಸಂಗೊಳ್ಳಿ ರಾಯಣ್ಣನನ್ನು ನೇಣಿನಿಂದ ಇಳಿಸಿ ಬೆಳಗಾವಿ ಗೆಲ್ಲಿಸುತ್ತಿದ್ದೆವು. ಹತ್ತಿ ದಲಾಲಿ ಮಾಡಿ ವಯಸ್ಸಾಗಿದ್ದ ಹಿರಿಯರೊಬ್ಬರು ಎಲೆ ಮಡಚುತ್ತ ಕೇಳಿದರು: “ರಾಯಣ್ಣ ಉಳದಿದ್ರ ಆ ವರ್ಷ ಸಾರಾ ಯಾರಿಗೆ ತುಂಬತಿದ್ವಿ, ಎಷ್ಟು ತುಂಬತಿದ್ವಿ? ಅದನ್ನ ಮೊದಲ ಹೇಳ್ರಿ ತಮ್ಮಾ.” ಸಾರಾ ಎಂದರೆ ಕಂದಾಯ. ಯಾರಿಗೂ ಉತ್ತರ ಬರಲಿಲ್ಲ. ಆಮೇಲೆ ಎಷ್ಟೋ ಸಂಜೆ ಅವರ ಬಾಯಿಂದ ಆಗದ ಇತಿಹಾಸ ಕೇಳಿದೆ. ಸೇನಾಪತಿಗಳ ಹೆಸರು ಅವರು ಎತ್ತುತ್ತಲೇ ಇರಲಿಲ್ಲ. ಅಂಡಿಗೆಗೆ ಎಷ್ಟು, ಬಡ್ಡಿ ಎಷ್ಟು, ಎತ್ತು ಸತ್ತರೆ ಯಾರು ಕೊಡುವವರು ಎಂದು ಕೇಳುತ್ತ ಹೋದಂತೆ ಇಡೀ ರಾಜ್ಯವೇ ಕಣ್ಣ ಮುಂದೆ ಏಳುತ್ತಿತ್ತು.

ಅವರ ಪ್ರಶ್ನೆಯನ್ನೇ 1833ಕ್ಕೆ ಹಾಕಿ. ಧಾರವಾಡ ಸೀಮೆಯಲ್ಲಿ ಕಂಪನಿ ಅಧಿಕಾರಿ ವಿಂಗೇಟರ ಭೂಮೋಜಣಿ ಬಂದು ಮೂವತ್ತು ವರ್ಷಕ್ಕೆ ಕಂದಾಯ ನಿಗದಿಯಾದದ್ದು 1840ರ ದಶಕದಲ್ಲಿ. ಅದರಿಂದಲೇ 1860ರ ದಶಕದ ಬೆಲೆಯೇರಿಕೆಯಲ್ಲಿ ಒಂದಿಷ್ಟಾದರೂ ರೈತನ ಕೈಯಲ್ಲಿ ಉಳಿಯಿತು. 1833ರಲ್ಲಿ ಆ ತಡೆಗೋಡೆ ಇಲ್ಲ. ಬೆಲೆ ಏರಿದರೆ ಕಂಪನಿ ಸರ್ಕಾರದ ಕೈ ಹಿಡಿಯುವವರಿಲ್ಲ; ಮಿಕ್ಕಿದ್ದು ಸಾವಕಾರನಿಗೆ. ಅದೇ ಯುದ್ಧ, ಅದೇ ಬೆಲೆ, ಬೇರೆ ಜೇಬು.

ರಾಜಕೀಯದ ವಿಷಯ ಹೆಚ್ಚು ಹೇಳುವುದಿಲ್ಲ. ರಾಯಣ್ಣನನ್ನು ನಂದಗಡದಲ್ಲಿ ನೇಣಿಗೇರಿಸಿದ್ದು 1831ರ ಜನವರಿಯಲ್ಲಿ. ಹಿರೇಕೆರೂರಿನ ಗಡಿಯಾಚೆ ನಗರ ಸೀಮೆಯ ದಂಗೆ ಹೆಚ್ಚುಕಡಿಮೆ ಅಡಗಿದ್ದು, ಮೈಸೂರಿನ ಆಡಳಿತ ಕಂಪನಿಯ ಕೈಗೆ ಹೋದದ್ದೂ ಅದೇ ವರ್ಷ. ಕಂದಾಯದ ಹಿಂಡುವಿಕೆಯನ್ನು ಈ ಬಿಸಿ ಬೂದಿಯ ಮೇಲಿಟ್ಟು ನೋಡಿ. ಒಳ್ಳೆಯ ಕತೆಗಾರನಿಗೆ ಅಷ್ಟು ಸಾಕು.

ಮತ್ತೆ ಅಮೆರಿಕದ ಕಡೆ ನೋಡಿದರೆ, ಗುಲಾಮರನ್ನು ಮರೆತ ಪರ್ಯಾಯ ಇತಿಹಾಸವನ್ನು ನಾನು ಪೂರ್ತಿ ಓದುವುದೇ ಇಲ್ಲ. 1830ರಲ್ಲಿ ಅಮೆರಿಕದಲ್ಲಿ ಅವರು ಸುಮಾರು 20 ಲಕ್ಷ, 1860ರಲ್ಲಿ 40 ಲಕ್ಷ. ಬೇಗ ಯುದ್ಧವಾದರೆ ಬೇಗ ಬಿಡುಗಡೆ ಎಂಬುದು ಸಿಹಿ ಕಲ್ಪನೆ. ಆದರೆ 1832ರ ಜಗಳ ಮೇಲ್ನೋಟಕ್ಕೆ ಸುಂಕದ್ದು. ಜಾಕ್ಸನ್ ತಾನೇ ಗುಲಾಮರ ಒಡೆಯ. ಆತ ಗೆದ್ದರೆ ಒಕ್ಕೂಟ ಉಳಿಯುತ್ತದೆ, ಬೇಡಿಯೂ ಉಳಿಯುತ್ತದೆ. ಇದನ್ನು ನುಂಗಿಕೊಳ್ಳಲಾಗದ ಲೇಖಕ ಈ ಕೆಲಸಕ್ಕೆ ಕೈಹಾಕಬಾರದು.

ಓದಲು ಎಲ್ಲಿಂದ ಶುರು ಮಾಡಬೇಕೆಂದು ಕೇಳುವವರಿಗೆ: ಜಯಂತ ನಾರಳೀಕರರು ಮರಾಠಿಯಲ್ಲಿ ಬರೆದ ಪಾಣಿಪತ್ತಿನ ಕತೆ. ಪೇಶ್ವೆಯ ಮಗ ವಿಶ್ವಾಸರಾವ್‌ಗೆ ಗುಂಡು ತಾಗದ ಲೋಕ ಅದು. ಮಿಕ್ಕದ್ದು ಆಮೇಲೆ.

ಅದಕ್ಕಿಂತ ಮೊದಲು ನಮ್ಮ ಶಿಗ್ಗಾವಿ ಸುತ್ತಲಿನ ತಾಲ್ಲೂಕುಗಳಲ್ಲೇ ಕೈ ಪಳಗಿಸಿ. ಎರಿ ಭೂಮಿಯವರು ಜೋಳ ಬಿಟ್ಟು ಹತ್ತಿ ಬಿತ್ತಿದರೆ ಕಾಳಿನ ಬೆಲೆ ಏರುತ್ತದೆ. ಆಗ ಹತ್ತಿಯನ್ನೇ ಮುಟ್ಟದೆ ಲಾಭ ಕಾಣುವವರು ಹಾನಗಲ್ಲಿನ ಕೆರೆ ಕೆಳಗಿನ ಭತ್ತದವರು. ಸವಣೂರು ಇನ್ನೂ ರುಚಿ. ಅದು ನವಾಬರ ಸಂಸ್ಥಾನ, 1948ರವರೆಗೂ ಬೇರೆಯೇ. ಅದರ ಗಡಿ ದಾಟಿದರೆ ಕಂದಾಯದ ಲೆಕ್ಕವೇ ಬೇರೆ. ಕಂಪನಿ ಹಳ್ಳಿಯ ರೈತನೊಬ್ಬ 1834ರ ಬೇಸಿಗೆಯಲ್ಲಿ ರಾತ್ರೋರಾತ್ರಿ ಎತ್ತು, ಬೀಜ ಕಟ್ಟಿಕೊಂಡು ಸವಣೂರು ಸೀಮೆಗೆ ಬಂದು ನೆಲ ಕೇಳುತ್ತಾನೆ. ಧಾರವಾಡದ ಕಲೆಕ್ಟರ್ ಅವನನ್ನು ವಾಪಸ್ ಕಳಿಸೆಂದು ಪತ್ರ ಬರೆಯುತ್ತಾನೆ. ನವಾಬರು ಏನು ಉತ್ತರ ಕೊಡುತ್ತಾರೆ? ಅದನ್ನು ಬರೆದು ತನ್ನಿ, ಕೂತು ಮಾತಾಡೋಣ.