ಗೋಡೆ ಮಾಸ್ತರನಾದದ್ದು

ರಾಹುಲ್ ದ್ರಾವಿಡ್ ಎಂದ ಕೂಡಲೇ ನಮ್ಮ ಜನ ಹೇಳುವುದು 'ಭಾಳ ಒಳ್ಳೆಯ ಮನುಷ್ಯ' ಎಂದು. ಈ ಹೊಗಳಿಕೆ ನನಗೆ ಯಾಕೋ ರುಚಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಇದರ ಅನುಭವ ಸಾಕಷ್ಟಿದೆ. ಸೊಸೆ ಒಳ್ಳೆಯವಳು ಎಂದು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು, ಆಕೆಯ ಕೆಲಸವನ್ನು ಮತ್ತೆ ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಮೆಚ್ಚಲಿಕ್ಕೂ ಇಲ್ಲ, ತಪ್ಪು ಹಿಡಿಯಲಿಕ್ಕೂ ಇಲ್ಲ.

ಆಟಗಾರನಾಗಿ ಅವರು ಮಾಡಿದ್ದನ್ನು ಅಂಕಿಗಳೇ ಹೇಳುತ್ತವೆ. 1996ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟಿಗೇ 95, ಮುಂದೆ 164 ಟೆಸ್ಟುಗಳಲ್ಲಿ 13,288 ಓಟ. 2003ರ ವಿಶ್ವಕಪ್ಪಿನಲ್ಲಿ ತಂಡಕ್ಕೆ ಬೇಕೆಂದು ವಿಕೆಟ್ ಹಿಂದೆಯೂ ನಿಂತರು. 2007ರಲ್ಲಿ ಅವರ ನಾಯಕತ್ವದ ತಂಡ ವೆಸ್ಟ್ ಇಂಡೀಸಿನ ಟ್ರಿನಿಡಾಡಿನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂತು.

ನನಗೆ ಹೆಚ್ಚು ಕುತೂಹಲವಿರುವುದು 2012ರಲ್ಲಿ ನಿವೃತ್ತರಾದ ಮೇಲಿನ ದ್ರಾವಿಡರ ಬಗ್ಗೆ. ದೊಡ್ಡ ಆಟಗಾರರು ಸಾಮಾನ್ಯವಾಗಿ ಟೀವಿಯಲ್ಲಿ ಕೂತು ಮಾತಾಡುತ್ತಾರೆ. ಇವರು ಹತ್ತೊಂಬತ್ತರೊಳಗಿನ ಹುಡುಗರಿಗೆ ಮಾಸ್ತರರಾದರು. ಒಮ್ಮೆ ಆ ವಿಶ್ವಕಪ್ ಆಡಿದವನು ಮತ್ತೊಮ್ಮೆ ಆಡುವುದು ಬೇಡ, ಜಾಗ ಇನ್ನೊಬ್ಬನಿಗೆ ಸಿಗಲಿ ಎಂಬ ನಿಲುವು ಅವರದು. ತಮ್ಮೊಡನೆ ಪ್ರವಾಸ ಬಂದ ಹುಡುಗ ಆಡದೆ ಮರಳಬಾರದೆಂದೂ ನೋಡಿಕೊಂಡರು. ತರಗತಿಯಲ್ಲಿ ನಾಲ್ಕೇ ಜಾಣರಿಂದ ಉತ್ತರ ಹೇಳಿಸಿ ಪಾಠ ಮುಗಿಸುವವರನ್ನು ನೋಡಿದ ನನಗೆ ಇದರ ಬೆಲೆ ಗೊತ್ತು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದಾಗ ಮಂಡಳಿ ದ್ರಾವಿಡರಿಗೆ 50 ಲಕ್ಷ, ಜೊತೆಯ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಇವರು ಒಪ್ಪಲಿಲ್ಲ, ಕಡೆಗೆ ಎಲ್ಲರಿಗೂ 25 ಲಕ್ಷವಾಯಿತು. ನಮ್ಮ ಗುಡೂರಿನ ಕಡೆ ನೇಯುವ ಇಳಕಲ್ ಸೀರೆಯಲ್ಲಿ ಎಲ್ಲರ ಕಣ್ಣೂ ಸೆರಗಿನ ಮೇಲೆ. ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿದ ಕೈಯನ್ನು ಕೇಳುವವರು ಯಾರು?

2021ರ ನವೆಂಬರಿನಲ್ಲಿ ಹಿರಿಯರ ತಂಡಕ್ಕೆ ಬಂದರು. ನಿನಗಿನ್ನು ಜಾಗ ಕಷ್ಟ ಎಂದು ವೃದ್ಧಿಮಾನ್ ಸಹಾಗೆ ನೇರವಾಗಿ ಹೇಳಿದ್ದನ್ನು 2022ರಲ್ಲಿ ಸಹಾ ಬಹಿರಂಗ ಮಾಡಿದಾಗ ಹಲವರು ದ್ರಾವಿಡರನ್ನೇ ದೂರಿದರು. ನಾನು ದೂರುವುದಿಲ್ಲ. ಹಿಂದಿನಿಂದ ಹೆಸರು ತೆಗೆದುಹಾಕುವುದಕ್ಕಿಂತ ಎದುರಿಗೆ ಹೇಳುವುದು ಮರ್ಯಾದೆ.

ಆದರೆ 2023ರ ಜೂನಿನಲ್ಲಿ, ಓವಲ್ ಮೈದಾನದ ಟೆಸ್ಟ್ ಫೈನಲಿಗೆ, ಆಗ ಜಗತ್ತಿನ ಮೊದಲ ಸ್ಥಾನದ ಬೌಲರ್ ಆಗಿದ್ದ ಅಶ್ವಿನ್ ಅವರನ್ನು ಹೊರಗೆ ಕೂಡಿಸಿದ್ದನ್ನು ನಾನು ಒಪ್ಪಲಾರೆ. ಎಡಗೈ ಆಟಗಾರರಿಗೆ ಅಶ್ವಿನ್ ಎಂದರೆ ಸಿಂಹಸ್ವಪ್ನ. ಅಲ್ಲಿ ಎಡಗೈಯ ಟ್ರಾವಿಸ್ ಹೆಡ್ 163 ಹೊಡೆದ. ನಾವು 209 ಓಟಗಳಿಂದ ಸೋತೆವು. ನಿರ್ಧಾರ ನಾಯಕನದೂ ಹೌದು, ಮಾಸ್ತರರದೂ ಹೌದು. ಎಚ್ಚರಿಕೆಯ ಮನುಷ್ಯ ಮೋಡ ನೋಡಿ ಹೆದರಿದನೇ ಎನ್ನಿಸಿತು. ಅದೇ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಮತ್ತೆ ಆಸ್ಟ್ರೇಲಿಯಾ, ಮತ್ತೆ ಹೆಡ್, ಮತ್ತೆ ಸೋಲು.

ಕೊನೆಗೆ 2024ರ ಜೂನ್ 29. ಮತ್ತೆ ವೆಸ್ಟ್ ಇಂಡೀಸ್, ಈ ಸಲ ಬಾರ್ಬಡೋಸ್. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ಬೇಕಿದ್ದಾಗ ಯಾರು ಆಸೆ ಇಟ್ಟುಕೊಂಡಿದ್ದರು? ಏಳು ಓಟಗಳಿಂದ ಗೆದ್ದೆವು. ಕೊಹ್ಲಿ ಕಪ್ಪನ್ನು ಕೈಗಿತ್ತಾಗ ದ್ರಾವಿಡರು ಕೂಗಿದ ಕೂಗು! ಹದಿನೇಳು ವರ್ಷದ ಕೂಗು ಅದು. ಗೋಡೆ ಎಂದು ಕರೆದವರು ಆ ಮುಖವನ್ನೊಮ್ಮೆ ನೋಡಬೇಕು.

2024ರಲ್ಲಿ ರಾಜಸ್ಥಾನದ ತಂಡಕ್ಕೆ ಹೋದರು, 2025ರಲ್ಲಿ ಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದರು. ಏಪ್ರಿಲ್ 28ರಂದು ಹದಿನಾಲ್ಕು ವರ್ಷದ ವೈಭವ್ ಸೂರ್ಯವಂಶಿ 35 ಚೆಂಡಿಗೆ ನೂರು ಹೊಡೆದಾಗ ನೋವು ಮರೆತು ಎದ್ದು ನಿಂತುಬಿಟ್ಟರು. ತಂಡ ಮಾತ್ರ ಆ ವರ್ಷ ಒಂಬತ್ತನೆಯ ಸ್ಥಾನಕ್ಕಿಳಿಯಿತು. ಆಗಸ್ಟಿನಲ್ಲಿ ಅವರು ಅಲ್ಲಿಂದ ಹೊರಬಂದರು.