ಶಿಲುಬೆಯ ಬಳಿ ನಗುವ ಕ್ರಿಸ್ತ: ಒಂದು ಅರ್ಥವಿಚಾರ

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಸಮೀಪ ದೊರೆತ ಕಾಪ್ಟಿಕ್ ಭಾಷೆಯ ಹಸ್ತಪ್ರತಿಗಳು ಆರಂಭಕಾಲದ ಕ್ರೈಸ್ತ ಧರ್ಮವನ್ನು ಕುರಿತ ತಿಳಿವಳಿಕೆಯನ್ನು ಬಹುವಾಗಿ ವಿಸ್ತರಿಸಿದವು. ಅರಿವಿನಿಂದಲೇ ಬಿಡುಗಡೆಯೆಂದು ಸಾರಿದ ನಾಸ್ಟಿಕ್ ಪಂಥಗಳ ಗ್ರಂಥಗಳು ಇವುಗಳಲ್ಲಿ ಹೇರಳವಾಗಿವೆ. ಏಳನೆಯ ಸಂಪುಟದ ಎರಡು ಕೃತಿಗಳಂತೂ ಓದುಗನನ್ನು ಬೆಚ್ಚಿಬೀಳಿಸುತ್ತವೆ. ಶಿಲುಬೆಗೇರಿಸುವ ಹೊತ್ತಿನಲ್ಲಿ ಅಲ್ಲಿ ಕ್ರಿಸ್ತನು ನಗುತ್ತಾನೆ. ಕರುಣಾಮೂರ್ತಿಯೆಂದು ಗೌರವಿಸಲ್ಪಡುವವನಲ್ಲಿ ಈ ನಗು ಏಕೆ?

‘ಪೇತ್ರನ ದರ್ಶನ’ವೆಂಬ ಕೃತಿಯಲ್ಲಿ ಪೇತ್ರನು ಒಬ್ಬನ ಕೈಕಾಲುಗಳಿಗೆ ಮೊಳೆ ಹೊಡೆಯುವುದನ್ನೂ, ಆ ಮರದ ಮೇಲ್ಗಡೆ ಇನ್ನೊಬ್ಬನು ಸಂತೋಷದಿಂದ ನಗುವುದನ್ನೂ ಕಾಣುತ್ತಾನೆ. ನಗುವವನೇ ಜೀವಂತ ಯೇಸು, ಮೊಳೆ ತಗುಲಿದ್ದು ಅವನ ದೇಹಾಂಶಕ್ಕೆ ಎಂಬ ವಿವರಣೆ ಅಲ್ಲಿಯೇ ದೊರೆಯುತ್ತದೆ. ‘ಮಹಾ ಸೇತನ ಎರಡನೆಯ ಪ್ರಬಂಧ’ದಲ್ಲಿ ಕ್ರಿಸ್ತನೇ ಮಾತನಾಡುತ್ತಾನೆ. ಶಿಲುಬೆ ಹೊತ್ತವನು ಸೀಮೋನ, ಮುಳ್ಳಿನ ಕಿರೀಟ ತೊಟ್ಟವನು ಮತ್ತೊಬ್ಬ, ತಾನಾದರೋ ಮೇಲಿದ್ದು ಅವರ ಅಜ್ಞಾನಕ್ಕೆ ನಗುತ್ತಿದ್ದೆನೆಂಬುದು ಅವನ ಮಾತಿನ ಸಾರ.

ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸನು ಬಾಸಿಲಿಡೀಸನ ಬೋಧನೆಯೆಂದು ಒಂದು ಕಥೆಯನ್ನು ಬರೆದಿಟ್ಟನು. ಯೇಸುವಿನ ರೂಪ ತಾಳಿದ ಸೀಮೋನನು ಶಿಲುಬೆಗೇರಿದನಂತೆ. ಸೀಮೋನನ ರೂಪದ ಯೇಸು ನಿಂತು ನಕ್ಕನಂತೆ. ಇದು ವಿರೋಧಿಯೊಬ್ಬನ ವರದಿ. ಇದನ್ನು ಮೂಲಕೃತಿಯ ಮೇಲೆ ಹೊರಿಸಿ ಓದುವುದು ನ್ಯಾಯವಲ್ಲ. ಸೀಮೋನನು ಶಿಲುಬೆ ಹೊತ್ತನೆಂದಷ್ಟೇ ಪ್ರಬಂಧ ಹೇಳುತ್ತದೆ. ಆ ಸಂಗತಿ ಮಾರ್ಕನ ಸುವಾರ್ತೆಯಲ್ಲಿಯೂ ಇದೆ. ನಿರಪರಾಧಿಯನ್ನು ತನ್ನ ಬದಲಿಗೆ ಬಲಿಗೊಟ್ಟು ನಕ್ಕನೆಂಬ ಆರೋಪಕ್ಕೆ ಆದ್ದರಿಂದ ಆಧಾರ ದುರ್ಬಲವಾದುದು.

ಹಾಗಾದರೆ ಈ ನಗು ಯಾರನ್ನು ಕುರಿತದ್ದು? ನೊಂದವನನ್ನಲ್ಲ, ಕೊಂದೆವೆಂದು ಬೀಗಿದವರನ್ನು. ‘ದರ್ಶನ’ದಲ್ಲಿ ಪೇತ್ರನು ಭಯಗೊಂಡು ಓಡಿಹೋಗೋಣವೆನ್ನುತ್ತಾನೆ, ಕೃತಿಯ ಕೊನೆಗೆ ಅವನಿಗೆ ದೊರೆಯುವುದು ಅಭಯ. ಹಿಂಸೆಯ ಅಧಿಕಾರ ದೇಹದ ಗಡಿಯಲ್ಲಿಯೇ ನಿಲ್ಲುತ್ತದೆಂಬ ನಂಬಿಕೆಯನ್ನು ಆ ನಗು ಸೂಚಿಸುತ್ತದೆ.

ದೇಹಾತ್ಮಭೇದದ ವಿಚಾರ ಬಲ್ಲ ನಮ್ಮ ಓದುಗರಿಗೆ ಇದು ಪರಿಚಿತವೆನಿಸಬಹುದು. ಆದರೆ ಅವಸರದ ಸಾಮ್ಯ ಸಲ್ಲದು. ಇಂತಹ ಗ್ರಂಥಗಳ ದೃಷ್ಟಿಯಲ್ಲಿ ಈ ಜಗತ್ತು ಅಜ್ಞಾನಿಯಾದ ಕೀಳು ಸೃಷ್ಟಿಕರ್ತನೊಬ್ಬನ ಕೈಕೆಲಸ. ದೇಹದ ಬಗೆಗಿನ ತಿರಸ್ಕಾರಕ್ಕೆ ಅದೇ ಬೇರು. ಸೃಷ್ಟಿಕರ್ತನನ್ನೇ ಒಪ್ಪದ ಜೈನ ದರ್ಶನದ ನೆಲೆಯೇ ಬೇರೆ.

ಈ ಕೃತಿಗಳ ನಿಜವಾದ ಕೊರತೆ ಇನ್ನೊಂದೆಡೆ ಇದೆ. ಮರದ ಮೇಲೆ ಮೊಳೆ ಹೊಡೆಸಿಕೊಂಡ ಆ ದೇಹದ ವೇದನೆಯ ಬಗ್ಗೆ ಅವು ಮರುಕದ ಮಾತನ್ನಾಡುವುದಿಲ್ಲ. ‘ದೇಹ ತಾನಲ್ಲ’ ಎಂದು ತನ್ನ ನೋವಿಗೆ ಹೇಳಿಕೊಂಡರೆ ಅದು ಸಹನೆ. ಅದೇ ಮಾತನ್ನು ಅನ್ಯರ ನೋವಿಗೆ ಅನ್ವಯಿಸಿದರೆ ನಿರ್ದಯೆ. ಈ ಎಚ್ಚರವಿಲ್ಲದ ತತ್ತ್ವಜ್ಞಾನ ಎಷ್ಟೇ ಉನ್ನತವಾದರೂ ನೀತಿಯ ಪರೀಕ್ಷೆಯಲ್ಲಿ ಸೋಲುತ್ತದೆ.

ಆದರೂ ಇದೊಂದರಿಂದಲೇ ಇಡೀ ನಾಸ್ಟಿಕ್ ಸಾಹಿತ್ಯವನ್ನು ಅಳೆಯಲಾಗದು. ಅದೇ ನಿಧಿಯ ಮೊದಲನೆಯ ಸಂಪುಟದಲ್ಲಿರುವ ‘ಸತ್ಯದ ಸುವಾರ್ತೆ’ಯು ಯೇಸು ಅನೇಕರ ಬದುಕಿಗಾಗಿ ತಾಳ್ಮೆಯಿಂದ ನೋವನ್ನು ಸ್ವೀಕರಿಸಿದನೆನ್ನುತ್ತದೆ, ‘ಯಾಕೋಬನ ಗುಪ್ತಗ್ರಂಥ’ವು ಶಿಲುಬೆಯನ್ನು ಮರೆಯಬೇಡಿರೆಂದು ಒತ್ತಾಯಿಸುತ್ತದೆ. ನಗುವ ಕ್ರಿಸ್ತನನ್ನು ಈ ನೋಯುವ ಕ್ರಿಸ್ತನ ಪಕ್ಕದಲ್ಲಿರಿಸಿ ಓದುವುದೇ ವಿವೇಕಿಯಾದ ವಿಮರ್ಶಕನ ಕರ್ತವ್ಯ.