ಬಾಯಿ ಬಂತು, ಕಿವಿ ಬರಬೇಕು

“ಬಿಲ್ ಇನ್ನಾ ಬಂದಿಲ್ರಿ. ಯಾವಾಗ ಹಾಕ್ತಾರಂತ?”

ಬೆಳಗಾವಿ ಜಿಲ್ಲೆಯ ಧುಪದಾಳದ ಚಹಾದಂಗಡಿಯ ಮುಂದೆ ಯಾರಾದರೂ ಹೀಗೆ ಕೇಳಿದರೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ ಎಂದರೆ ಕಬ್ಬಿನ ಬಿಲ್. ಹಾಕುವವರು ಸಕ್ಕರೆ ಕಾರ್ಖಾನೆಯವರು. ಹಾಕುವುದು ಬ್ಯಾಂಕ್ ಖಾತೆಗೆ. ಕೊನೆಯಲ್ಲಿ ಅಂಟಿಕೊಂಡ ‘ಅಂತ’ಕ್ಕೆ ಇನ್ನೊಂದು ಕೆಲಸವಿದೆ: ಊರಲ್ಲಿ ಈ ಬಗ್ಗೆ ಏನಾದರೂ ಸುದ್ದಿ ಇದೆಯೇ, ನಿಮ್ಮ ಕಿವಿಗೆ ಬಿದ್ದಿದೆಯೇ ಎಂದು ಅದು ಎದುರಿನವರನ್ನು ವಿಚಾರಿಸುತ್ತದೆ. ಐದೇ ಪದಗಳ ಮಾತಿದು. ಅದರಲ್ಲಿ ಕಬ್ಬಿನ ಹೆಸರಿಲ್ಲ, ಕಾರ್ಖಾನೆಯ ಹೆಸರಿಲ್ಲ, ಹಣದ ಹೆಸರೂ ಇಲ್ಲ. ಕನ್ನಡ ಬರುತ್ತದೆ ಎಂದು ಹೇಳಿಕೊಳ್ಳುವ ಯಂತ್ರವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಮಾತು ಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆ ಕನ್ನಡದ ಮಾಧ್ಯಮಕ್ಕೆ ಕಾಲಿಟ್ಟದ್ದು ಮಾತಾಡುತ್ತಲೇ. 2023ರ ಜುಲೈನಲ್ಲಿ ಪವರ್ ಟಿವಿ ‘ಸೌಂದರ್ಯ’ ಎಂಬ ಯಂತ್ರ ನಿರೂಪಕಿಯನ್ನು ಪರದೆಗೆ ತಂದಿತು. ಅದೇ ತಿಂಗಳು ಒಡಿಶಾದ ಒಟಿವಿಯಲ್ಲಿ ‘ಲೀಸಾ’ ಕಾಣಿಸಿಕೊಂಡಳು. 2024ರ ಮೇ 26ರಂದು ಡಿಡಿ ಕಿಸಾನ್ ವಾಹಿನಿ ‘ಕ್ರಿಶ್’ ಮತ್ತು ‘ಭೂಮಿ’ ಎಂಬ ಇಬ್ಬರನ್ನು ರೈತರ ಎದುರು ನಿಲ್ಲಿಸಿತು. ಇವರು 50 ಭಾಷೆಗಳಲ್ಲಿ ಮಾತಾಡಬಲ್ಲರು, ವರ್ಷವಿಡೀ ಹಗಲು ರಾತ್ರಿ ದಣಿಯದೆ ಸುದ್ದಿ ಓದಬಲ್ಲರು ಎಂಬುದು ಪ್ರಕಟಣೆಯ ಮಾತು. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಚಿತ್ರ ಬಂತು. ನಟರಿಲ್ಲ, ಚಿತ್ರೀಕರಣವಿಲ್ಲ, ಇಬ್ಬರು ಸೇರಿ ಸುಮಾರು 10 ಲಕ್ಷ ರೂಪಾಯಿಯಲ್ಲಿ ಯಂತ್ರದ ಕೈಯಿಂದಲೇ ಮಾಡಿಸಿ, ಸೆನ್ಸಾರ್ ಪ್ರಮಾಣಪತ್ರವನ್ನೂ ಪಡೆದರು.

ಇವೆಲ್ಲ ಬಾಯಿಯ ಸಾಧನೆಗಳು. ಸೌಂದರ್ಯಳ ಉಚ್ಚಾರ ಸ್ಪಷ್ಟವಾಗಿತ್ತೇ, ತುಟಿ ಮಾತಿಗೆ ಕೂಡುತ್ತಿತ್ತೇ ಎಂದು ಆಗ ನೋಡಿದವರೆಲ್ಲ ಚರ್ಚಿಸಿದರು. ಆ ದೋಷಗಳು ಬೇಗ ತಿದ್ದಿಕೊಳ್ಳುವಂಥವು, ಅವನ್ನು ದೊಡ್ಡದು ಮಾಡಬೇಕಾಗಿಲ್ಲ. ನಿಜವಾದ ಕೊರತೆ ಬೇರೆ ಕಡೆ ಇದೆ. ಬರೆದುಕೊಟ್ಟದ್ದನ್ನು ಓದುವ ಕೆಲಸ ಸುದ್ದಿಮನೆಯಲ್ಲಿ ಎಲ್ಲಕ್ಕಿಂತ ಕೊನೆಯದು. ಅದಕ್ಕೂ ಮೊದಲು ಯಾರೋ ಒಬ್ಬರು ಬಸ್ಸು ಹತ್ತಿ ಹೋಗಿ, ಜನರ ನಡುವೆ ಕುಳಿತು, ಕೇಳಿಸಿಕೊಂಡು ಬಂದಿರಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕುಗಳಲ್ಲಿ ಕಾಡುವುದು ಅಂಥವರ ಅಭಾವವೇ ಹೊರತು ಓದುವವರದ್ದಲ್ಲ. ಯಂತ್ರ ನಿರೂಪಕಿ ಉಳಿಸಿಕೊಡುವುದು ಸ್ಟುಡಿಯೋದಲ್ಲಿ ಕೂತು ಓದುವವರ ಪಗಾರವನ್ನು. ಆ ಹಣ ತಾಲ್ಲೂಕಿನ ವರದಿಗಾರರಿಗೆ ಬರುವಂತಿದ್ದರೆ ಅದನ್ನು ಸುಧಾರಣೆ ಎಂದು ಕರೆಯಬಹುದಿತ್ತು.

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೊಡಬೇಕೆಂದು ರಸ್ತೆಯಲ್ಲೇ ಕುಳಿತರು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮಾತುಕತೆ ನಡೆದು 3300ಕ್ಕೆ ನಿಂತಿತು. ಆ ದಿನಗಳಲ್ಲಿ ರಾಜ್ಯಕ್ಕೆ ಅರ್ಥವಾಗಬೇಕಿದ್ದುದು ಒಂದು ಸಂಖ್ಯೆಯಷ್ಟೇ ಅಲ್ಲ. ಕೇಂದ್ರ ಸರ್ಕಾರ ಆ ಹಂಗಾಮಿಗೆ ಸಾರಿದ ದರ ಕ್ವಿಂಟಲ್‌ಗೆ 355 ರೂಪಾಯಿ. ಆದರೆ ಅದು ಸಕ್ಕರೆ ಇಳುವರಿ ಶೇ 10.25 ಇದ್ದಾಗಿನ ದರ. ಕಟಾವು, ಸಾಗಣೆಯ ಖರ್ಚು ಅದರಲ್ಲೇ ಕಳೆಯುತ್ತದೆ. ಇಳುವರಿಯನ್ನು ಅಳೆಯುವುದು ಕಾರ್ಖಾನೆಯಲ್ಲಿ, ತೂಕವಾಗುವುದು ಕಾರ್ಖಾನೆಯ ಕಾಟಾದ ಮೇಲೆ. ಕಬ್ಬು ಬೆಳೆದವನ ಕೈಗೆ ಉಳಿಯುವುದು ಒಂದು ಚೀಟಿ. ಈ ಲೆಕ್ಕದ ಯಾವ ಮೆಟ್ಟಿಲಲ್ಲಿ ನೋವಿದೆ ಎಂದು ತಿಳಿಯಬೇಕಾದರೆ ರಸ್ತೆಯಲ್ಲಿ ಕೂತವರ ಮಾತು ಕೇಳಬೇಕು. ಐವತ್ತು ಭಾಷೆ ಮಾತಾಡಿದರೂ ಒಂದು ಪ್ರಶ್ನೆ ಕೇಳದ ನಿರೂಪಕ ಅಲ್ಲಿ ಯಾವ ಕೆಲಸಕ್ಕೂ ಬಾರದವನು.

ಹಾಗಾದರೆ ಯಂತ್ರಕ್ಕೆ ಕನ್ನಡ ಕೇಳಿಸಿಕೊಳ್ಳುವುದನ್ನು ಕಲಿಸುತ್ತಿರುವವರು ಯಾರೂ ಇಲ್ಲವೇ? ಇದ್ದಾರೆ. ಆ ಕೆಲಸಕ್ಕೆ ಸಿಗಬೇಕಾದ ಗಮನದ ಕಾಲುಪಾಲೂ ಸಿಕ್ಕಿಲ್ಲ.

ಮೊದಮೊದಲು ಯಂತ್ರದ ಕಿವಿಗೆ ಬಿದ್ದದ್ದು ಹೆಚ್ಚಾಗಿ ಶಿಷ್ಟ ಕನ್ನಡ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2022ರಲ್ಲಿ ಸಿದ್ಧಪಡಿಸಿದ ‘ಶ್ರುತಿಲಿಪಿ’ ಎಂಬ ಧ್ವನಿಭಂಡಾರ 12 ಭಾಷೆಗಳ 6400 ಗಂಟೆಗಳಷ್ಟು ದೊಡ್ಡದು. ಅದರ ಮೂಲ ಆಕಾಶವಾಣಿಯ ವಾರ್ತೆಗಳು. ಧ್ವನಿಯೂ ಅದರ ಪಠ್ಯವೂ ಒಟ್ಟಿಗೇ ಸಿಗುವ ಜಾಗ ಅದಾದ್ದರಿಂದ ಆ ಆಯ್ಕೆ ಜಾಣತನದ್ದೇ. ಆದರೆ ವಾರ್ತೆಯಲ್ಲಿ ಯಾರೂ ‘ಮಾಡಾಕತ್ತೇನ್ರಿ’ ಎನ್ನುವುದಿಲ್ಲ, ‘ಮಾಡುತ್ತಿದ್ದೇನೆ’ ಎಂದೇ ಓದುತ್ತಾರೆ. ವಾರ್ತೆ ಕೇಳಿ ಬೆಳೆದ ಕಿವಿಗೆ ಗೋಕಾಕದ ಸಂತೆ ಪರದೇಶ.

ಈ ತಪ್ಪನ್ನು ಬುಡದಿಂದಲೇ ತಿದ್ದಲು ಹೊರಟದ್ದು ‘ವಾಣಿ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದರ ಅಂಗವಾದ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರ ಕೊನೆಯಲ್ಲಿ ಪ್ರಕಟಿಸಿದ ಯೋಜನೆ ಇದು. ದೇಶದ 773 ಜಿಲ್ಲೆಗಳಿಂದ ಸುಮಾರು 10 ಲಕ್ಷ ಜನರ ಒಂದೂವರೆ ಲಕ್ಷ ಗಂಟೆಗೂ ಮಿಕ್ಕಿದ ಮಾತನ್ನು ಸಂಗ್ರಹಿಸುವುದು ಗುರಿ. ಬೆಳಗಾವಿ ಜಿಲ್ಲೆಯ ಧ್ವನಿಯೂ ಅದರಲ್ಲಿ ಸೇರಿದೆ. ಕೂಡಿಸಿದ್ದನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟಿರುವುದು ಇನ್ನೊಂದು ಒಳ್ಳೆಯತನ.

ವಾಣಿಯ ವಿಧಾನದಲ್ಲಿ ಎರಡು ತೀರ್ಮಾನಗಳು ಮೆಚ್ಚಬೇಕಾದವು. ಭಾಷೆಯ ಪಟ್ಟಿ ಹಿಡಿದು ಹೊರಡದೆ ಜಿಲ್ಲೆಯನ್ನು ಲೆಕ್ಕಕ್ಕೆ ಹಿಡಿದದ್ದು ಮೊದಲನೆಯದು. ಬೆಳಗಾವಿಯಂಥ ಜಿಲ್ಲೆಗೆ ಇದೇ ಸರಿ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನಡೆಯುತ್ತವೆ. ಒಬ್ಬರದೇ ಮಾತಿನಲ್ಲಿ ಮೂರೂ ಬೆರೆಯುತ್ತವೆ. ಎರಡನೆಯದು, ಬರೆದದ್ದನ್ನು ಓದಿಸದೆ ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದದ್ದು. ಓದು ಎಂದು ಕಾಗದ ಕೊಟ್ಟರೆ ಬಹಳ ಜನ ತಮ್ಮ ಮನೆಮಾತನ್ನು ಬದಿಗಿಟ್ಟು ಶಾಲೆಯ ಕನ್ನಡಕ್ಕೆ ಹೋಗುತ್ತಾರೆ. ಚಿತ್ರ ತೋರಿಸಿದರೆ ನಾಲಿಗೆ ತನ್ನ ದಾರಿಯಲ್ಲೇ ನಡೆಯುತ್ತದೆ.

ಆದರೂ ಕೊರತೆ ಉಳಿದಿದೆ. ಚಿತ್ರ ನೋಡಿ ಹೇಳುವವರು ಒಬ್ಬರೇ ಹೇಳುತ್ತಾರೆ, ಎದುರಿನವರು ಉತ್ತರಿಸುವುದಿಲ್ಲ. ವಿಚಾರಿಸುವುದು, ತಕರಾರು ತೆಗೆಯುವುದು, ಚೌಕಾಶಿ ಮಾಡುವುದು, ಬೈಯುವುದು ಇವೆಲ್ಲ ಅದರೊಳಗೆ ಬರುವ ಬಗೆ ಹೇಗೆ? ‘ಯಾವಾಗ ಹಾಕ್ತಾರಂತ’ ಎನ್ನುವ ಮಾತು ಯಾವ ಚಿತ್ರವನ್ನು ನೋಡಿದರೂ ಬಾಯಿಗೆ ಬರುವುದಿಲ್ಲ. ಅಲ್ಲದೆ ಜಿಲ್ಲೆ ಎಂಬ ಅಳತೆಯೂ ಬೆಳಗಾವಿಯ ಮಟ್ಟಿಗೆ ದೊಡ್ಡದಾಯಿತು. ಖಾನಾಪುರದ ಕಾಡಂಚಿನ ಕನ್ನಡ ಬೇರೆ, ಅಥಣಿಯದು ಬೇರೆ, ಘಟಪ್ರಭೆಯ ದಂಡೆಯದು ಇನ್ನೂ ಬೇರೆ.

ಧುಪದಾಳದಿಂದಲೇ ಒಂದು ಪದ ತೆಗೆದುಕೊಳ್ಳಬಹುದು. 1897ರಲ್ಲಿ ಇಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ 71 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ತೆಗೆದರು. ಕಾಲುವೆಯ ರೈತರಿಗೆ ‘ಪಾಳಿ’ ಎಂದರೆ ತಮ್ಮ ಹೊಲಕ್ಕೆ ನೀರು ಬಿಡುವ ಸರದಿ. ಅದೇ ನದಿಯ ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಹುಟ್ಟಿದ ಹತ್ತಿ ಗಿರಣಿಯ ಕಾರ್ಮಿಕರಿಗೆ ‘ಪಾಳಿ’ ಎಂದರೆ ಕೆಲಸದ ಹೊತ್ತು. ‘ನಮ್ಮ ಪಾಳಿ ರಾತ್ರಿ ಬಂದೈತ್ರಿ’ ಎಂದು ಒಬ್ಬರು ಹೇಳಿದರೆ ಅವರು ಹೊಲಕ್ಕೆ ಹೊರಟವರೋ ಗಿರಣಿಗೆ ಹೊರಟವರೋ ಎಂಬುದು ಊರಿನವರಿಗೆ ಮುಖ ನೋಡಿದರೇ ಗೊತ್ತು. ಯಂತ್ರಕ್ಕೆ ಅದು ಗೊತ್ತಾಗಬೇಕಾದರೆ ಈ ಎರಡೂ ಬಗೆಯವರ ಮಾತು ಸಾಕಷ್ಟು ಕಿವಿಗೆ ಬಿದ್ದಿರಬೇಕು.

ಮಾತು ಕೊಟ್ಟವರಿಗೆ ಸಿಗುವುದೇನು ಎಂಬ ಪ್ರಶ್ನೆಗೆ ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಒಂದು ಉತ್ತರ ಕೊಟ್ಟಿದೆ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದಲ್ಲಿ ಮೊಳಕೆಯೊಡೆದು 2021ರಲ್ಲಿ ಬೇರೆಯಾಗಿ ನಿಂತ ಈ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡದ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿಕೊಂಡಿತು. ಕೂಲಿ ಗಂಟೆಗೆ ಸುಮಾರು 5 ಡಾಲರ್, ಅಂದರೆ 400 ರೂಪಾಯಿಗೂ ಹೆಚ್ಚು. ಆ ಧ್ವನಿ ಮುಂದೆ ಮತ್ತೊಬ್ಬರಿಗೆ ಮಾರಾಟವಾದರೆ ಓದಿದವರಿಗೆ ಮತ್ತೆ ಪಾಲು ಬರುತ್ತದೆ. ಕೆಲಸ ವರ್ಷವಿಡೀ ಸಿಗುವಂಥದ್ದಲ್ಲ, ಸಂಸಾರ ನಡೆಸಲು ಸಾಲದು. ಓದಿಸುವ ಪದ್ಧತಿಯಲ್ಲಿ ಆಡುಮಾತು ಸೋರಿಹೋಗುವ ತೊಂದರೆಯೂ ಇಲ್ಲಿದೆ. ಆದರೆ ಹಳ್ಳಿಯ ಮಾತಿಗೆ ಬೆಲೆ ಇದೆ, ಅದರ ಮೇಲೆ ಆಡಿದವರಿಗೆ ಹಕ್ಕಿದೆ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ. ವಾಣಿಯ ಚಿತ್ರ ತೋರಿಸುವ ಬಗೆ ಮತ್ತು ಕಾರ್ಯದ ಪಾಲು ಕೊಡುವ ಬಗೆ ಒಂದಾಗಬೇಕು.

ಕಬ್ಬಿನ ಸೀಮೆಗೆ ಕೃತಕ ಬುದ್ಧಿಮತ್ತೆ ಬೇರೆ ರೂಪದಲ್ಲೂ ಬಂದಾಗಿದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಕೃಷಿ ಅಭಿವೃದ್ಧಿ ಟ್ರಸ್ಟ್, ಮೈಕ್ರೋಸಾಫ್ಟ್ ಜೊತೆ ಸೇರಿ, ಉಪಗ್ರಹದ ಚಿತ್ರ, ಮಣ್ಣಿನ ಸಂವೇದಕ, ಹವಾಮಾನದ ಲೆಕ್ಕ ಎಲ್ಲ ಕೂಡಿಸಿ ಎಷ್ಟು ನೀರು, ಎಷ್ಟು ಗೊಬ್ಬರ ಎಂದು ಕಬ್ಬು ಬೆಳೆಗಾರರ ಮೊಬೈಲಿಗೆ ತಿಳಿಸುತ್ತಿದೆ. ಇಳುವರಿ ಹೆಚ್ಚಿ ನೀರು ಉಳಿಯುವುದಾದರೆ ಅದು ಘಟಪ್ರಭೆಯ ದಂಡೆಗೂ ಬರಲಿ. ಆದರೆ ಗುರ್ಲಾಪುರದಲ್ಲಿ ಕುಳಿತವರು ಕಬ್ಬು ಬೆಳೆಯಲು ಬಾರದವರಲ್ಲ. ಬೆಳೆದದ್ದಕ್ಕೆ ಬೆಲೆ ಸಿಗದವರು. ಹೊಲವನ್ನು ಅಷ್ಟು ಹತ್ತಿರದಿಂದ ನೋಡುವ ಯಂತ್ರ ಕಾರ್ಖಾನೆಯ ಕಾಟಾ ಮತ್ತು ಇಳುವರಿಯ ಲೆಕ್ಕವನ್ನು ರೈತನ ಪರವಾಗಿ ನೋಡದಿದ್ದರೆ ಅದು ಅರ್ಧ ಕೆಲಸ.

ಆ ಉಳಿದರ್ಧಕ್ಕೆ ಬೇಕಾದದ್ದು ಕಿವಿಯೇ. ತೂಕದ ಚೀಟಿ, ಆ ದಿನದ ಇಳುವರಿ, ಬಿಲ್ ಹಾಕುವ ದಿನಾಂಕ ಎಲ್ಲ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತವೆ. ಫೋನಿನಲ್ಲಿ ಒಬ್ಬ ಅಜ್ಜ ತನ್ನ ಮಾತಿನಲ್ಲಿ ಕೇಳಿದರೆ ಅರ್ಥ ಮಾಡಿಕೊಂಡು, ಆ ಲೆಕ್ಕ ತೆಗೆದು, ಅದೇ ಮಾತಿನಲ್ಲಿ ಉತ್ತರಿಸುವ ಸೇವೆ ಈಗಿನ ತಂತ್ರಜ್ಞಾನಕ್ಕೆ ನಿಲುಕದ್ದಲ್ಲ. ಪಿಎಂ-ಕಿಸಾನ್ ಹಣದ ಬಗ್ಗೆ ಉತ್ತರಿಸಲು 2023ರಲ್ಲಿ ಶುರುವಾದ ‘ಕಿಸಾನ್ ಇ-ಮಿತ್ರ’ ಕನ್ನಡವೂ ಸೇರಿ 11 ಭಾಷೆಗಳಿಗೆ ಬೆಳೆದಿದೆ. ದಾರಿ ಇದೆ, ಅದನ್ನು ಕಬ್ಬಿನ ಬಿಲ್ಲಿನವರೆಗೆ ತರಬೇಕಾಗಿದೆ.

ತರುವ ಮುನ್ನ ಬರವಣಿಗೆಯ ಒಂದು ಕೆಲಸ ಬಾಕಿ ಇದೆ. ಕೂಡಿಸಿದ ಧ್ವನಿಯ ಒಂದು ಭಾಗವನ್ನು ಮನುಷ್ಯರೇ ಕೇಳಿ ಅಕ್ಷರಕ್ಕೆ ಇಳಿಸಬೇಕು. ‘ಹಾಕ್ತಾರಂತ’ ಎಂದು ಕೇಳಿಸಿದ್ದನ್ನು ಬೆರಳಚ್ಚು ಮಾಡುವವರು ‘ಹಾಕುತ್ತಾರೆ ಎಂದು’ ಅಂತ ತಿದ್ದಿಬಿಟ್ಟರೆ, ಹಳ್ಳಿ ಹಳ್ಳಿ ತಿರುಗಿದ ಶ್ರಮವೆಲ್ಲ ಮತ್ತೆ ವಾರ್ತೆಯ ಕನ್ನಡಕ್ಕೇ ಬಂದು ಸೇರುತ್ತದೆ. ಈ ಕೆಲಸ ಬೆಂಗಳೂರಿನ ಕಚೇರಿಯಲ್ಲಿ ಆಗುವಂಥದ್ದಲ್ಲ. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಿಂದ ಬಂದು ಕನ್ನಡ ಓದುತ್ತಿರುವ ಹುಡುಗ ಹುಡುಗಿಯರಿಗೆ ಈ ಧ್ವನಿಗಳನ್ನು ಕೂಲಿ ಕೊಟ್ಟು ಒಪ್ಪಿಸಬೇಕು. ಕೇಳಿಸಿದಂತೆಯೇ ಬರೆಯಿರಿ, ತಿದ್ದಬೇಡಿ ಎಂದು ಹೇಳಬೇಕು. ಚಿತ್ರ ತೋರಿಸುವುದರ ಜೊತೆಗೆ ಕಬ್ಬಿನ ಹಂಗಾಮಿನಲ್ಲಿ ಕಾಟಾದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವವರ ಮಾತನ್ನೂ, ಅವರ ಒಪ್ಪಿಗೆ ಪಡೆದು, ಅವರವರಲ್ಲೇ ಆಡುವಾಗ ಹಿಡಿದಿಡಬೇಕು. ಕಾಯುವ ಹೊತ್ತು ಅಲ್ಲಿ ಬಹಳ ಇರುತ್ತದೆ, ಮಾತೂ ಬಹಳ ಇರುತ್ತದೆ.